ದಿಬ್ಬದ ಮೇಲಿನ ಹಕ್ಕಿ, ಹದ್ದಿನ ಕಣ್ಣಿನ ಮೀಸೆ

ಹೊಳೆಯ ಆಚೆ ದಡದಲ್ಲಿ ಕೂತ ಹದ್ದಿನ ಕಣ್ಣೊಳಗೆ ನನ್ನ ಮೀಸೆ ಕಾಣುವಂಥ ಫೋಟೋ ತೆಗೆದವನು ನಾನು. ನೋಡಿದ್ದು ನಮ್ಮ ಗುರುಗಳೊಬ್ಬರೇ, ಅವರು ತೀರಿಹೋದರು. ಫೋಟೋ ಹೊಳೆಪಾಲಾಯಿತು. ಈಗ ಸುಳ್ಳು ಅನ್ನುವವರು ಯಾರಿದ್ದೀರಿ, ಬನ್ನಿ!

ಇದನ್ನೇ ಆವತ್ತು ನನ್ನ ಶಿಷ್ಯೆ ಪಂಪಾವತಿಗೆ ಹೇಳುತ್ತಿದ್ದೆ. ಅವಳೋ ಸಿಟ್ಟಿನಿಂದ ಕುದಿಯುತ್ತಿದ್ದಳು.

“ಮಧ್ಯಾಹ್ನಕ್ಕೆ ಮರಳಿನ ಟ್ರ್ಯಾಕ್ಟರ್ ಇಳಿಸ್ತಾರಂತೆ ಅಜ್ಜ. ದಿಬ್ಬದ ಮೇಲೆ ಮೊಟ್ಟೆ ಅದಾವೆ ಅಂದ್ರೆ ಮರಳಿಗೆ ಪರವಾನಗಿ ಕೊಡೋ ಆ ಸಾಹೇಬ ನಗ್ತಾನೆ. ಫೋಟೋ ತಾ ಅಂತಾನೆ.”

ಮರಳಿನ ದಿಬ್ಬ ನಡುಹೊಳೆಯಲ್ಲಿತ್ತು. ಹತ್ತಿರ ಹೋದರೆ ಮರಳ ಮೇಲೆ ಮೊಟ್ಟೆಯಿಡುವ ರೀವ ಹಕ್ಕಿ ಎದ್ದು ಹಾರುತ್ತದೆ, ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ದಡದಿಂದಲೇ ತೆಗೆಯಬೇಕು.

ಮುಕ್ಕಾಲಿಯ ಮೇಲೆ ನನ್ನ ದೊಡ್ಡ ದುರ್ಬೀನು ನಿಲ್ಲಿಸಿದೆ. ಕಣ್ಣಿಡುವ ತುದಿಗೆ ಅವಳು ಫೋನು ಒತ್ತಿದಳು. ಬರೀ ಕತ್ತಲು. ಸರಿಸಿದಳು. ಕಾಸಿನಗಲ ಬೆಳಕು. ಮತ್ತೆ ಒತ್ತಿ ತೆಗೆದಳು. ಹಕ್ಕಿ ಕಲಸಿದ ಹಿಟ್ಟಿನ ಹಾಗೆ ಬಂತು.

“ಹಾಳು ದುರ್ಬೀನು!” ಮುಕ್ಕಾಲಿಗೆ ಒದ್ದಳು.

ನನಗೂ ಪಿತ್ತ ನೆತ್ತಿಗೇರಿತು. ಫೋನು ಕಸಿದು ಜೇಬಿಗೆ ಹಾಕಿಕೊಂಡೆ.

“ಮೊದಲು ನೀನು ನೋಡು.”

“ಹೊತ್ತಿಲ್ಲ ಅಜ್ಜ!”

“ನೋಡು ಅಂದೆ.”

ನೋಡಿದಳು. ಹಕ್ಕಿ ನೀರಿಗಿಳಿದು, ಹೊಟ್ಟೆ ನೆನೆಸಿಕೊಂಡು ಬಂದು, ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು. ಪಂಪಾವತಿ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

“ಈಗ ನಿನ್ನ ಕಣ್ಣು ಎಲ್ಲಿದೆಯೋ, ಫೋನಿನ ಕಣ್ಣೂ ಅಲ್ಲೇ ನಿಲ್ಲಬೇಕು. ಒತ್ತಬೇಡ.”

ಜೇಬಿನಿಂದ ಫೋನು ತೆಗೆದು ಸೈಕಲ್ ಟ್ಯೂಬಿನ ತುಂಡಿನಿಂದ ದುರ್ಬೀನಿಗೆ ಬಿಗಿದೆ. ಮುಕ್ಕಾಲಿಗೆ ಕಲ್ಲು ತುಂಬಿದ ಚೀಲ ನೇತುಹಾಕಿದೆ.

“ಟೈಮರ್ ಹಾಕಿ ದೂರ ಸರಿ.”

“ಕೈ ಬಿಟ್ಟರೆ ಹೆಂಗೆ?”

“ಸಿಟ್ಟನ್ನ ಸಾಹೇಬನಿಗಿಟ್ಟುಕೋ. ನಿನ್ನ ಕೈ ನಡುಗಿದರೆ ಅಲ್ಲಿ ಹಕ್ಕಿ ನಡುಗ್ತದೆ. ಬಿಡು!”

ಟೈಮರ್ ಒತ್ತಿ, ಹಲ್ಲು ಕಚ್ಚಿಕೊಂಡು ಕೈ ಬಿಟ್ಟಳು. ಹಕ್ಕಿ ಮೈ ಕೊಡವಲು ಎದ್ದಿತು. ಫೋನು ಕ್ಲಿಕ್ ಎಂದಿತು.

ಒದ್ದೆ ಹೊಟ್ಟೆ. ಅದರ ಕೆಳಗೆ ಮರಳಿನ ಬಣ್ಣದ ಮೊಟ್ಟೆಗಳು, ಕಡಲೆಕಾಳಿನಷ್ಟೇ, ಆದರೆ ಸ್ಪಷ್ಟ.

ಅವಳು ಫೋಟೋ ನೋಡಿದಳು. ಆಚೆ ದಡ ನೋಡಿದಳು. ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದಳು.

“ಅಜ್ಜ, ನಡುಹೊಳೆಯ ಮೊಟ್ಟೆಯೇ ಇಷ್ಟು ಕಾಣ್ತದೆ. ಆಚೆ ದಡದ ಹದ್ದಿನ ಕಣ್ಣೊಳಗೆ ನಿಮ್ಮ ಮೀಸೆ ಹೆಂಗೆ ಕಂಡಿತು?”

ನಾನು ಫೋನು ಬಿಚ್ಚಿ ಅವಳ ಕೈಗಿಟ್ಟೆ.

“ನನ್ನ ಮೀಸೆ ಯಾರೂ ನಂಬದಿದ್ದರೆ ಒಂದು ಮೊಟ್ಟೆಯೂ ಒಡೆಯಲ್ಲ. ನಿನ್ನ ಫೋಟೋನ ಆ ಸಾಹೇಬನಿಗೆ ನಂಬಿಸಬೇಕು. ಓಡು.”