ಗುರಾಣಿ ತಟ್ಟಿದವರು

ಚಾಕವ್ವೆಯ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಯಾರೇ ಬರಲಿ, ಮೊದಲು ಉಣ್ಣಬೇಕು. ಪ್ರಶ್ನೆ ಏನಿದ್ದರೂ ಆಮೇಲೆ.

ಕೇತಯ್ಯ ಬಂದಾಗ ಮಧ್ಯಾಹ್ನದ ಬಿಸಿಲು ಏರಿತ್ತು. ಮೂರು ದಿನ ನಡೆದು ಬಂದಿದ್ದ. ಹೊಳೆಯ ದಂಡೆಯ ಮೇಲೆ ನಾಲ್ಕು ಗುಡಿಸಲು, ಒಂದು ಹುಣಸೆಮರ. ಮರದ ಕೆಳಗೆ ಕೂತಿದ್ದ ಚಾಕವ್ವೆ ಅವನ ಮುಖ ನೋಡಿದರು. ಏನೂ ಕೇಳದೆ ಅಂಬಲಿಯ ಬಟ್ಟಲನ್ನು ಮುಂದಿಟ್ಟರು.

ಎರಡು ಬಟ್ಟಲು ಕುಡಿದ. ಮೂರನೆಯದು ಕುಡಿಯುವಾಗ ಅಳು ಬಂತು.

"ಈಗ ಹೇಳಪ್ಪ" ಎಂದರು ಚಾಕವ್ವೆ.

"ಅವ್ವಾ, ನಾನು ಗಡಿಕೋಟೆಯ ಆಯುಧಶಾಲೆಯಲ್ಲಿದ್ದವನು. ದಂಡಿಗೆ ಬರುವ ಗುರಾಣಿಗಳನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ನನ್ನ ಕೆಲಸ. ಎಂಟು ವರ್ಷ ಮಾಡಿದೆ. ಹೋದ ತಿಂಗಳು ನಾನೂರು ಗುರಾಣಿ ಬಂದವು. ಅನುಮಾನ ಬಂದು ಒಂದನ್ನು ಕೊಯ್ದು ನೋಡಿದೆ. ಎರಡು ಪದರ ಎಮ್ಮೆಯ ತೊಗಲು ಇರಬೇಕಾದಲ್ಲಿ ತೆಳ್ಳನೆಯ ಒಂದು ಪದರ. ಹಿಂದೆ ಒಣಹುಲ್ಲು ತುಂಬಿ, ಬಟ್ಟೆ ಹೊಲಿದು, ಕಪ್ಪು ಬಳಿದಿದ್ದರು."

"ಮುದ್ರೆ ಒತ್ತಿದೆಯಾ?"

"ಇಲ್ಲ. ಕಳಿಸಿದವನು ದಂಡನಾಯಕರ ಭಾವಮೈದುನ. ದಂಡನಾಯಕರೇ ನನ್ನನ್ನು ಕರೆಸಿ, ನಿನಗೂ ಒಂದು ಪಾಲಿದೆ, ಸುಮ್ಮನೆ ಒತ್ತು ಎಂದರು. ನನ್ನಿಂದಾಗದು ಎಂದೆ. ಮಾರನೆಯ ಬೆಳಿಗ್ಗೆ ನನ್ನನ್ನು ಕೋಟೆಯಿಂದ ಹೊರಗೆ ಹಾಕಿದರು. ನನ್ನ ಜಾಗಕ್ಕೆ ಬಂದವನು ಊಟದ ಹೊತ್ತಿಗೆಲ್ಲ ನಾನೂರಕ್ಕೂ ಮುದ್ರೆ ಒತ್ತಿ ಕೈತೊಳೆದುಕೊಂಡನಂತೆ."

ಅವನು ತಲೆ ತಗ್ಗಿಸಿದ.

"ನಾನೊಬ್ಬ ನೆಟ್ಟಗಿದ್ದು ಏನು ಬದಲಾಯಿತು, ಅವ್ವಾ? ನನ್ನ ಪ್ರಶ್ನೆ ಇದೊಂದೇ."

ಚಾಕವ್ವೆ ಖಾಲಿ ಬಟ್ಟಲನ್ನು ಪಕ್ಕಕ್ಕಿಟ್ಟರು.

"ನೀನು ಬೇಡವೆಂದದ್ದು ಎಷ್ಟು ಗುರಾಣಿ?"

"ನಾನೂರು."

"ಎಂಟು ವರ್ಷದಲ್ಲಿ, ಸರಿಯಿದೆ ಎಂದು ನೋಡಿ ಕೊಟ್ಟದ್ದು?"



"ಅದನ್ನು ಎಣಿಸಿಲ್ಲ, ಅವ್ವಾ."

"ಹಾಗಾದರೆ ಇಲ್ಲೇ ಇರು. ಒಲೆ ನೋಡಿಕೋ."

ಕೇತಯ್ಯ ಉಳಿದುಕೊಂಡ. ಬೆಳಿಗ್ಗೆ ಸೌದೆ ಒಡೆಯುವುದು, ಜೋಳ ಬೀಸುವುದು, ದೊಡ್ಡ ಗಡಿಗೆಯಲ್ಲಿ ಅಂಬಲಿ ಕಾಯಿಸುವುದು. ಹೊಳೆ ದಾಟುವವರು, ಸಂತೆಗೆ ಹೋಗುವವರು, ಬೇಡುವವರು, ಎಲ್ಲರೂ ಬಂದು ಕುಡಿದು ಹೋಗುತ್ತಿದ್ದರು. ಕೆಲಸ ಅವನಿಗೆ ಹಿತವಾಗಿತ್ತು. ಆದರೂ ಗಡಿಗೆಯ ಮುಂದೆ ನಿಂತಾಗಲೆಲ್ಲ ಅದೇ ನಾನೂರು ಗುರಾಣಿ ಕಣ್ಣಮುಂದೆ ಬರುತ್ತಿದ್ದವು.

ಒಂದು ದಿನ ಅಂಬಲಿ ಸೀದುಹೋಯಿತು.

ಬಂದವರೆಲ್ಲ ಮುಖ ಕಿವಿಚಿಕೊಂಡು ಕುಡಿದರು. ಚಾಕವ್ವೆ ಮಾತ್ರ ಬಟ್ಟಲು ಪೂರ್ತಿ ಖಾಲಿ ಮಾಡಿದರು.

"ಯಾರ ಮೇಲೆ ಸಿಟ್ಟಾಗಿದ್ದೆ?" ಎಂದು ಕೇಳಿದರು.

"ದಂಡನಾಯಕರ ಮೇಲೆ, ಅವ್ವಾ."

"ಅವರು ಉಣ್ಣಲು ಬರಲಿಲ್ಲವಲ್ಲ."

ಅವತ್ತಿನಿಂದ ಅಂಬಲಿ ಸೀಯಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಗಡಿಯಲ್ಲಿ ಯುದ್ಧ ಶುರುವಾಯಿತು. ಎಂಟು ದಿನ ಕಳೆಯುವುದರಲ್ಲಿ ಎತ್ತಿನ ಗಾಡಿಗಳು ಬಂದವು. ಒಂದೊಂದರಲ್ಲಿ ಐದಾರು ಗಾಯಾಳುಗಳು. ಆಶ್ರಮದ ಗುಡಿಸಲುಗಳು ಸಾಲದೆ ಹುಣಸೆಮರದ ಕೆಳಗೂ ಚಾಪೆ ಹಾಸಿದರು.

ಮೊದಲ ಗಾಡಿಯಲ್ಲಿ ಬಂದವನೊಬ್ಬನಿಗೆ ಎದೆಯಲ್ಲಿ ಭರ್ಜಿಯ ಗಾಯ. ಪಕ್ಕದಲ್ಲೇ ಅವನ ಗುರಾಣಿ ಬಿದ್ದಿತ್ತು. ಅದರ ನಡುವೆ ತೂತು. ತೂತಿನಿಂದ ಹುಲ್ಲು ಹೊರಗೆ ಬಂದಿತ್ತು.

ಕೇತಯ್ಯ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ. ಅವನು ಎರಡು ಗುಟುಕು ಕುಡಿದ. "ತಣ್ಣಗಿದೆ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದ. ಬಿಸಿಲು ಇಳಿಯುವ ಮುಂಚೆ ಜೀವ ಹೋಯಿತು.

ಕೇತಯ್ಯ ಆ ಗುರಾಣಿಯನ್ನು ಎತ್ತಿ ತಂದು ಚಾಕವ್ವೆಯ ಮುಂದೆ ಒಗೆದ.

"ನೋಡಿ, ಅವ್ವಾ! ನಾನು ಬೇಡವೆಂದ ಗುರಾಣಿ ಇದು. ನಾನು ಬೇಡವೆಂದರೂ ಬಂತು, ಅವನನ್ನು ಕೊಂದಿತು. ನನ್ನ ಪ್ರಾಮಾಣಿಕತೆಯನ್ನು ಯಾರು ಕೇಳಿದರು?"

ಚಾಕವ್ವೆ ಎದ್ದು ಹೋದರು. ಬಿಸಿನೀರು ಮತ್ತು ಒಂದು ಶುಭ್ರವಾದ ಬಟ್ಟೆ ತಂದರು.

"ಮೊದಲು ಇವನ ಮೈ ತೊಳೆಯೋಣ ಬಾ."

ಇಬ್ಬರೂ ಕೂತು ತೊಳೆದರು. ಗಾಯದೊಳಗೆ ಹುಲ್ಲಿನ ಎಸಳುಗಳು ಸಿಕ್ಕಿಕೊಂಡಿದ್ದವು. ಚಾಕವ್ವೆ ಒಂದೊಂದನ್ನೇ ಬೆರಳಿನಿಂದ ಬಿಡಿಸತೊಡಗಿದರು.

"ಸತ್ತವನಿಗೆ ಇನ್ನು ನೋವಿಲ್ಲವಲ್ಲ, ಅವ್ವಾ."

"ಇಲ್ಲ. ಆದರೂ ತೆಗೆ."

ಕೇತಯ್ಯ ಒಂದು ಎಸಳೂ ಉಳಿಯದ ಹಾಗೆ ತೆಗೆದ.

ಅದಾದ ಐದನೆಯ ದಿನದ ಗಾಡಿಯಲ್ಲಿ ಬೀರಣ ಬಂದ. ತಲೆ ನರೆತ ಹಳೇ ಸೈನಿಕ. ಮೊಣಕಾಲಿನ ಕೆಳಗೆ ಬಾಣ ನಟ್ಟಿತ್ತು. ಬಲು ಮಾತಿನವನು. ಕೇತಯ್ಯನಿಂದ ಪಟ್ಟಿ ಕಟ್ಟಿಸಿಕೊಳ್ಳುತ್ತಲೇ, ಪಕ್ಕದಲ್ಲಿ ಕೂತ ಚಾಕವ್ವೆ ಕೊಟ್ಟ ಅಂಬಲಿ ಕುಡಿದು, "ಆಹಾ, ಅನ್ನ ಕೊಟ್ಟ ಕೈಗೆ ನೂರು ವರ್ಷ ಆಯಸ್ಸು" ಎಂದು ಹರಸಿದ.

ಮರಕ್ಕೆ ಒರಗಿಸಿಟ್ಟಿದ್ದ ತೂತು ಬಿದ್ದ ಗುರಾಣಿಯ ಮೇಲೆ ಅವನ ಕಣ್ಣು ಬಿತ್ತು. ಮುಖ ಕಪ್ಪಿಟ್ಟಿತು.

"ಪಡುವಣ ಪಾಳೆಯದ್ದು" ಎಂದ. "ಪಾಪ, ಅಲ್ಲಿದ್ದವರೆಲ್ಲ ಹೊಸಬರು. ಕೊಟ್ಟದ್ದನ್ನು ಕಣ್ಣುಮುಚ್ಚಿ ತೆಗೆದುಕೊಂಡರು. ನಮ್ಮ ಪಾಳೆಯದವರು ಅವನ್ನು ಮುಟ್ಟಲಿಲ್ಲ."

"ನಿಮಗೆ ಹೇಗೆ ಗೊತ್ತಾಯಿತು?" ಎಂದ ಕೇತಯ್ಯ.

"ತಟ್ಟಿ ನೋಡಿದೆವು. ಮುಂಚೆ ನಮ್ಮ ಆಯುಧಶಾಲೆಯಲ್ಲಿ ಒಬ್ಬರಿದ್ದರು. ಬಲು ರಗಳೆಯ ಮನುಷ್ಯ! ಗುರಾಣಿಯನ್ನು ಕೈಗೆ ಕೊಡುವ ಮುಂಚೆ ನಮ್ಮಿಂದಲೇ ತಟ್ಟಿಸುತ್ತಿದ್ದರು. ‘ಕೇಳಿಸಿತೇ? ಬಾಗಿಲು ತಟ್ಟಿದ ಹಾಗಿರಬೇಕು. ಇಲ್ಲದಿದ್ದರೆ ತಿರುಗಿ ಕೊಡು’ ಎನ್ನುವರು. ಬಿಸಿಲಲ್ಲಿ ಸಾಲಾಗಿ ನಿಂತು ನಿಂತು ನಮಗೆ ಸಾಕಾಗುತ್ತಿತ್ತು. ಮನಸ್ಸಿನಲ್ಲೇ ಅವರನ್ನು ಬೈದುಕೊಳ್ಳುತ್ತಿದ್ದೆವು. ಮುಖ ಕೂಡ ನೆಟ್ಟಗೆ ನೋಡಿದವನಲ್ಲ ನಾನು."

ಪಟ್ಟಿ ಕಟ್ಟುತ್ತಿದ್ದ ಕೇತಯ್ಯನ ಕೈ ನಿಂತುಹೋಯಿತು. ಹಾಗೆ ತಟ್ಟಿಸುತ್ತಿದ್ದದ್ದು ಅವನಿಗೇ ಮರೆತಿತ್ತು. ದಿನದ ಕೆಲಸದಲ್ಲಿ ಅದೂ ಒಂದು, ಅಷ್ಟೆ.

"ಆಮೇಲೆ?"

"ಹೊಸವು ಬಂದಾಗ ಅದೇ ಅಭ್ಯಾಸ. ತಟ್ಟಿದೆವು. ದಿಂಬು ಬಡಿದ ಹಾಗೆ ಕೇಳಿಸಿತು! ನೂರಿಪ್ಪತ್ತು ಜನ ನೂರಿಪ್ಪತ್ತು ಗುರಾಣಿಗಳನ್ನು ಕೋಟೆ ಬಾಗಿಲಲ್ಲಿ ರಾಶಿ ಹಾಕಿದೆವು. ಹಳೆಯವನ್ನು ಕೊಡಿ, ಇಲ್ಲದಿದ್ದರೆ ಒಂದು ಹೆಜ್ಜೆ ಎತ್ತಿಡುವುದಿಲ್ಲ ಎಂದೆವು."

"ದಂಡನಾಯಕರು ಸುಮ್ಮನಿದ್ದರೇ?"

"ಎಲ್ಲಿಯ ಸುಮ್ಮನೆ! ಮುಂದಿನ ಸಾಲಿನ ಹತ್ತು ಜನರನ್ನು ಎಳೆಸಿ, ಕಂಬಕ್ಕೆ ಕಟ್ಟಿಸಿ, ಚಾವಟಿಯಿಂದ ಹೊಡೆಸಿದರು. ಅವರಲ್ಲಿ ಒಬ್ಬನಾದರೂ ತಪ್ಪಾಯಿತು ಎನ್ನಲಿಲ್ಲ. ಹನ್ನೊಂದನೆಯವನು ನಾನು. ಅಷ್ಟು ಹೊತ್ತಿಗೆ ಹೊಡೆಯುವವನೇ ಚಾವಟಿ ಕೆಳಗೆ ಹಾಕಿ, ಇನ್ನು ನನ್ನಿಂದಾಗದು ಎಂದುಬಿಟ್ಟ. ಕೊನೆಗೆ ಹಳೆಯ ಗುರಾಣಿಗಳನ್ನೇ ಕೊಟ್ಟರು."

ಬೀರಣ ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಕುಡಿದ.

"ನೂರಿಪ್ಪತ್ತು ಜನ ಹೋದೆವು. ನೂರಹನ್ನೊಂದು ಜನ ಬದುಕಿ ಬಂದೆವು. ಆ ರಗಳೆಯ ಮನುಷ್ಯ ಈಗ ಎಲ್ಲಿದ್ದಾರೋ. ಊರಿಗೆ ಹೋದ ಮೇಲೆ ಹೆಂಡತಿಗೆ ಹೇಳಬೇಕು, ದೇವರಿಗೆ ದೀಪ ಹಚ್ಚುವಾಗ ಅವರನ್ನೂ ಒಂದಿಷ್ಟು ನೆನೆಸಿಕೋ ಅಂತ."

ಕೇತಯ್ಯ ಬಗ್ಗಿ ಬೀರಣನ ಪಾದ ಮುಟ್ಟಿ, ಹಣೆಯನ್ನು ಅದಕ್ಕೆ ತಾಗಿಸಿದ.

"ಅಯ್ಯೋ, ಇದೇನಪ್ಪ?"

"ಏನಿಲ್ಲ. ಪಟ್ಟಿ ಸಡಿಲವಾಗಿತ್ತು, ನೋಡಿದೆ."

ಹದಿನೈದು ದಿನಕ್ಕೆ ಬೀರಣನ ಕಾಲು ವಾಸಿಯಾಯಿತು. ಅವನ ಊರಿನ ಗಾಡಿ ಬಂತು. ಕೇತಯ್ಯ ಅವನನ್ನು ಹಿಡಿದು ಗಾಡಿ ಹತ್ತಿಸಿ, ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟ. ಗಾಡಿ ಕಣ್ಮರೆಯಾಗುವ ತನಕ ಅಲ್ಲೇ ನಿಂತಿದ್ದ.

ಸಂಜೆ ಹೊಳೆಯಲ್ಲಿ ಗಡಿಗೆ ಬೆಳಗುತ್ತಿದ್ದಾಗ ಚಾಕವ್ವೆ ಬಂದು ಪಕ್ಕದ ಕಲ್ಲಿನ ಮೇಲೆ ಕೂತರು.

"ಅವನಿಗೆ ನಿನ್ನ ಹೆಸರು ಹೇಳಲಿಲ್ಲ."

"ಬಾಯಿ ಬರಲಿಲ್ಲ, ಅವ್ವಾ. ಅವನು ನನ್ನನ್ನು ನೆನೆದು ಕೈ ಮುಗಿಯುತ್ತಿದ್ದ. ನನಗೋ, ಅವನಿಗೇ ಕೈ ಮುಗಿಯಬೇಕು ಅನಿಸುತ್ತಿತ್ತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಅವನು ಮಾತಾಡುತ್ತಾ ಮಾತಾಡುತ್ತಾ ಎತ್ತಿಟ್ಟುಬಿಟ್ಟ. ನೀವು ಮೊದಲ ದಿನ ಕೊಟ್ಟ ಅಂಬಲಿಯ ಋಣವನ್ನೇ ನಾನು ತೀರಿಸಲಾರೆ. ಇನ್ನು ಇದೊಂದು."

ಚಾಕವ್ವೆ ನಕ್ಕರು. ಒಂದು ಗಡಿಗೆಯನ್ನು ಎಳೆದುಕೊಂಡು ತಾವೂ ಬೆಳಗತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ ಕೇತಯ್ಯ ಮೆಲ್ಲಗೆ ಹೇಳಿದ:

"ಆದರೂ ಒಂದು ಉಳಿದಿದೆ, ಅವ್ವಾ. ದಂಡನಾಯಕರು ಇನ್ನೂ ಅದೇ ಪೀಠದಲ್ಲಿದ್ದಾರೆ. ಅವರ ಭಾವಮೈದುನ ಗುರಾಣಿ ಬಿಟ್ಟು ಈಗ ಕುದುರೆಗಳಿಗೆ ಹುರುಳಿ ಕಳಿಸುತ್ತಿದ್ದಾನಂತೆ. ಅದರಲ್ಲಿ ಎಷ್ಟು ಕಲ್ಲೋ. ಹೀಗಿರುವಾಗ, ನನ್ನೊಬ್ಬನ ಪ್ರಾಮಾಣಿಕತೆಯಿಂದ ನಾಡು ಬದಲಾಯಿತು ಎನ್ನಲೇ, ಇಲ್ಲ ಎನ್ನಲೇ?"

ಚಾಕವ್ವೆ ಕೈ ತೊಳೆದುಕೊಂಡು ಅವನ ಕಡೆ ತಿರುಗಿದರು.

"ನೀನೊಬ್ಬನೇ ಎನ್ನುತ್ತೀಯಲ್ಲ ಕೇತಯ್ಯ. ಕಂಬಕ್ಕೆ ಕಟ್ಟಿಸಿಕೊಂಡು ಹೊಡೆತ ತಿಂದರಲ್ಲ, ಆ ಹತ್ತು ಜನ. ಅವರ ಹೆಸರು ಕೇಳಿಕೊಂಡೆಯಾ?"