ಗಂಟೆ ಎರೆಯುವವಳ ಮೂರು ಒಗಟು

"ಕೇಳ್ರಪ್ಪೋ ಕೇಳಿ! ಅರಮನೆಯ ಎರಕದ ಮನೆಯಲ್ಲಿ ಹೆಣ್ಣುಮಕ್ಕಳು ಯಾಕೆ ನಿಲ್ಲುತ್ತಿಲ್ಲ? ಇದರ ಮೇಲೆ ದೊರೆಸಾನಿಯವರು ಮೂರು ಒಗಟು ಕಟ್ಟಿದ್ದಾರೆ. ಬಿಡಿಸಿದವರಿಗೆ ಅಲ್ಲಿನ ಯಜಮಾನಿಕೆ, ತಪ್ಪಿದವರಿಗೆ ತಲೆದಂಡ!"

ಡಂಗುರ ಕೇಳಿದ ಕೊಟ್ರ ನಿಂತುಬಿಟ್ಟ. ಅವನು ಅಲ್ಲಿ ಕುಲುಮೆಗೆ ಗಾಳಿ ಹಾಕುವ ತಿದಿ ಒತ್ತುವವನು. ಅಲ್ಲಿ ಉಳಿದಿದ್ದ ಒಬ್ಬಳೇ ಹೆಣ್ಣುಮಗಳು ಅವನ ಅಕ್ಕ ಗಂಗವ್ವ. ಗಂಟೆ ಎರೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳೂ ಆ ಬೆಳಿಗ್ಗೆ, "ಸಾಕಾತು ತಮ್ಮಾ, ನಾ ಇನ್ನ ಬರಂಗಿಲ್ಲ" ಅಂದಿದ್ದಳು. ತಾಯಿಯಿಲ್ಲದ ತನ್ನನ್ನು ಸಾಕಿದವಳು ಹೀಗೆ ಸೋತು ಕೂರುವುದನ್ನು ಕೊಟ್ರನಿಂದ ನೋಡಲಾಗಲಿಲ್ಲ. ಅವಳ ಕಷ್ಟವನ್ನೆಲ್ಲ ಕೇಳಿ ತಿಳಿದುಕೊಂಡು, ಅವಳನ್ನೂ ಕರೆದುಕೊಂಡು ಅರಮನೆಗೆ ನಡೆದ.

"ಕಣ್ಣೆದುರಿಗೇ ಇರುತ್ತದೆ, ಎಲ್ಲರ ಕೈಗೂ ಸಿಗುತ್ತದೆ, ಅವಳ ಕೈಗೆ ಮಾತ್ರ ಸಿಗದು. ಏನದು?" ಎಂದರು ದೊರೆಸಾನಿ.

"ಧೈರ್ಯ" ಎಂದು ದಂಡನಾಯಕ ಮೀಸೆ ತಿರುವಿದ. "ಬುದ್ಧಿ" ಎಂದ ಮಂತ್ರಿಯ ಮಗ. ಭಟರು ಇಬ್ಬರ ಕೈಯನ್ನೂ ಕಟ್ಟಿ ತಲೆದಂಡಕ್ಕೆಂದು ಪಕ್ಕಕ್ಕೆ ನಿಲ್ಲಿಸಿದರು.

"ಇಕ್ಕಳರೀ ತಾಯಿ" ಎಂದ ಕೊಟ್ರ. "ಅದನ್ನ ತೂಗಹಾಕಾಕ ಹಳೇ ಮೇಸ್ತ್ರಿ ತನ್ನ ಎತ್ತರಕ್ಕ ಗೂಟ ಬಡದಾನ. ಅಕ್ಕ ದಿನಾ ತಗದುಕೊಡ್ರಿ ಅಂತ ಬೇಡಬೇಕು."

"ತುಂಬಿದ ಕೊಡ ಪಕ್ಕದಲ್ಲಿದೆ, ಗಂಟಲು ಒಣಗಿದೆ. ಆದರೂ ಅವಳು ನೀರು ಮುಟ್ಟಳು. ಯಾಕೆ?" ದೊರೆಸಾನಿ ಎರಡನೆಯದನ್ನು ಕೇಳಿದರು.

"ವ್ರತವಿರಬೇಕು" ಎಂದ ಖಜಾಂಚಿ. ಅವನ ಕೈಯನ್ನೂ ಕಟ್ಟಿದರು.

ಕೊಟ್ರ ತಲೆ ತಗ್ಗಿಸಿದ. "ನೀರು ಕುಡದರ ಬಯಲಿಗೆ ಹೋಗಬೇಕಾಗತೈತಿ ತಾಯಿ. ಅಲ್ಲಿ ಹೆಣ್ಣುಮಕ್ಕಳಿಗೆ ಮರೆ ಅನ್ನೋದಿಲ್ಲ."

ದೊರೆಸಾನಿ ಮೂರನೆಯದಕ್ಕೆ ಬಂದರು.

"ಅವಳ ಬಾಯಲ್ಲಿದ್ದಾಗ ಯಾರಿಗೂ ಕೇಳಿಸದು, ಇನ್ನೊಬ್ಬನ ಬಾಯಿಗೆ ಹೋದರೆ ಎಲ್ಲರೂ ಮೆಚ್ಚುತ್ತಾರೆ. ಏನದು?"

ಕೊಟ್ರ ಅಕ್ಕನತ್ತ ನೋಡಿದ. ಇದನ್ನು ಅಕ್ಕ ಹೇಳಿರಲೇ ಇಲ್ಲ. ಗಂಗವ್ವನೇ ಮುಂದೆ ಬಂದು, "ಅಕಿ ಕೊಟ್ಟ ಸಲಹೆ, ತಾಯಿ" ಅಂದಳು. ಯಾರೂ ಅವಳತ್ತ ತಿರುಗಲಿಲ್ಲ. ಪಕ್ಕದಲ್ಲಿದ್ದ ಹಳೇ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಅಕಿ ಕೊಟ್ಟ ಸಲಹೆ!" ಎಂದ.

"ಭೇಷ್! ಭೇಷ್!" ಎಂದು ಇಡೀ ಸಭೆ ಚಪ್ಪಾಳೆ ತಟ್ಟಿತು.

ದೊರೆಸಾನಿ ಬಿದ್ದು ಬಿದ್ದು ನಕ್ಕರು. "ನಾನು ಒಗಟಿನಲ್ಲಿ ಹೇಳಿದ್ದನ್ನು ನೀವು ಇಲ್ಲೇ ಮಾಡಿ ತೋರಿಸಿದಿರಲ್ಲರೋ!" ಮೇಸ್ತ್ರಿಯ ಮುಖ ಹುಳ್ಳಗಾಯಿತು. "ಯಜಮಾನಿಕೆ ಗಂಗವ್ವನದು. ಆದರೆ ಕೊಟ್ರ ಮೂರನೆಯದಕ್ಕೆ ಸೋತ. ಅವನ ತಲೆ ನನ್ನದು" ಎಂದರು ದೊರೆಸಾನಿ.

"ಆ ತಲಿ ನಂದು ತಾಯಿ. ಸಣ್ಣಂದಿನಿಂದ ಎಣ್ಣಿ ಹಚ್ಚಿ ಬೆಳೆಸೀನಿ" ಅಂದಳು ಗಂಗವ್ವ. ಈ ಸಲ ಎಲ್ಲರೂ ಅವಳತ್ತ ತಿರುಗಿದರು.

"ಇಟ್ಟುಕೋ ಹಾಗಾದರೆ. ಉಳಿದ ಮೂರು ತಲೆ?"

"ಅವನ್ನೂ ಕೊಡ್ರಿ. ಗೂಟ ಇಳಿಸಬೇಕು, ಮರೆಗೋಡೆ ಕಟ್ಟಬೇಕು. ನಾಳೆ ಮುಂಜಾನೆ ನನಗ ಆಳು ಬೇಕಾಗ್ತಾರ."

ಇನ್ನು ಬರುವುದಿಲ್ಲ ಎಂದಿದ್ದ ಅಕ್ಕ ನಾಳೆ ಮುಂಜಾನೆ ಅಂದಳಲ್ಲ! ಕೊಟ್ರನಿಗೆ ಅಷ್ಟೇ ಸಾಕಿತ್ತು.