ಮಗ್ಗದಲ್ಲಿ ಉಳಿಸಿದ ಗೇಣು

"ಗುರುಗಳೇ, ಅರಸರು ವರ್ಷವರ್ಷಕ್ಕೂ ತೆರಿಗೆ ಏರಿಸುತ್ತಾರೆ, ಹೊಸ ಅಧಿಕಾರಿಗಳನ್ನು ನೇಮಿಸುತ್ತಾರೆ. ಎಲ್ಲವೂ ನಾಡಿನ ಏಳಿಗೆಗೆ ಎನ್ನುತ್ತಾರೆ. ಆದರೂ ನಾಡಿನ ದುಡಿಮೆ ಯಾಕೆ ಕುಗ್ಗುತ್ತಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಹಾಸು ನೆಯ್ದು ಮುಗಿದಾಗ ನೇಕಾರರು ಆ ಎಳೆಗಳನ್ನು ಪೂರ್ತಿ ಇಳಿಸುವುದಿಲ್ಲ. ಒಂದು ಗೇಣು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗಳಿಗೆ ಹೊಸೆದು ಸೇರಿಸುತ್ತಾರೆ. ಆ ಗೇಣು ಹೋದರೆ ಸಾವಿರಾರು ಎಳೆಗಳನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಒಂದೊಂದಾಗಿ ಮೊದಲಿಂದ ಪೋಣಿಸಬೇಕು. ಅದಕ್ಕೆ ಆಳು, ದಿನ, ದುಡ್ಡು ಬೇಕು; ಬಡವನಿಂದ ಆಗುವ ಕೆಲಸವಲ್ಲ.

ಅರಸ ಮೊದಲು ನೆಯ್ದ ಬಟ್ಟೆಯಲ್ಲಿ ಪಾಲು ಕೇಳಿದ. ನೇಕಾರ ಕೊಟ್ಟ. ಪಾಲು ಅಳೆಯಲು ಒಬ್ಬ ಬಂದ. ಅಳೆಯುವವನು ಕದಿಯದಂತೆ ನೋಡಲು ಇನ್ನೊಬ್ಬ ಬಂದ. ಇಬ್ಬರಿಗೂ ಸಂಬಳ ಬೇಕಾಯಿತು, ಪಾಲು ಹೆಚ್ಚಿತು. ಎರಡನೆಯ ಮಗ್ಗ ಹೂಡಲೆಂದು ತಂದಿಟ್ಟ ಮರವನ್ನು ನೇಕಾರ ಸೌದೆಗೆ ದುಡ್ಡಿಲ್ಲದೆ ಒಲೆಗೆ ಹಾಕಿದ. ಊರಿನಲ್ಲಿ ಬಟ್ಟೆ ಕಡಿಮೆಯಾಯಿತು. ಸಂಬಳ ಕಡಿಮೆಯಾಗಲಿಲ್ಲ.

ಒಂದು ದಿನ ಅಳೆಯುವವನು ಮಗ್ಗದೊಳಗೆ ಬಗ್ಗಿ ನೋಡಿದ.

"ಏನಯ್ಯಾ, ಇಲ್ಲೊಂದು ಗೇಣು ಬಚ್ಚಿಟ್ಟಿದ್ದೀಯಲ್ಲ!"

"ಅದು ಬಟ್ಟೆಯೇ ಅಲ್ಲ ಸ್ವಾಮಿ. ಮುಂದಿನ ಸೀರೆ ಹುಟ್ಟಬೇಕಾದದ್ದು ಅದರಿಂದ."

"ಮುಂದಿನ ಸೀರೆಯ ಪಾಲನ್ನು ಮುಂದೆ ನೋಡೋಣ. ಈಗ ಇದನ್ನು ಕೊಡು."

ಕತ್ತರಿಸಿಕೊಂಡು ಹೋದ. ಆ ಎಳೆಗಳಿಂದ ಅರಸನಿಗೆ ಒಂದು ಕರವಸ್ತ್ರವೂ ಆಗಲಿಲ್ಲ. ಮಗ್ಗ ನಿಂತಿತು. ಹಾಗೆಯೇ ಬೀದಿಯ ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದವು. ನೇಕಾರರು ಸೋಮಾರಿಗಳಾಗಿದ್ದಾರೆ ಎಂದು ಅರಮನೆಗೆ ವರದಿ ಹೋಯಿತು. ಸೋಮಾರಿಗಳನ್ನು ಎಬ್ಬಿಸಲು ಒಂದು ಹೊಸ ಇಲಾಖೆ ಬಂತು.

"ನಿಂತ ಮಗ್ಗಕ್ಕೆ ಊದುಬತ್ತಿ ಹಚ್ಚಿ ಕೂತಿರು, ಮಕ್ಕಳು ಹೊಗೆ ಕುಡಿದು ಬದುಕಲಿ" ಎಂದಳು ನೇಕಾರನ ಹೆಂಡತಿ. "ಆ ಇಲಾಖೆಯವರ ಹತ್ತಿರವೇ ಹೋಗಿ ಕೆಲಸ ಕೇಳಬಾರದೇ?"

ನೇಕಾರ ಹೋಗಿ ಕೇಳಿದ. ಮಗ್ಗ ಬಲ್ಲವನು ಎಂದು ಮೆಚ್ಚಿ ಇಲಾಖೆಯವರು ಅಳತೆಕೋಲನ್ನೂ ಕತ್ತರಿಯನ್ನೂ ಕೊಟ್ಟು ಕಳಿಸಿದರು. ಆ ಬೀದಿಯಲ್ಲಿ ಇನ್ನೂ ನಡೆಯುತ್ತಿದ್ದದ್ದು ಪಕ್ಕದ ಮನೆಯ ಮಗ್ಗ ಒಂದೇ. ಪಕ್ಕದ ಮನೆಯವನು ಆಗಷ್ಟೇ ಸೀರೆ ಇಳಿಸಿ, ಒಂದು ಗೇಣು ಎಳೆ ಉಳಿಸಿಕೊಂಡಿದ್ದ. ಕತ್ತರಿ ಕಂಡು ಎಳೆಗಳ ಮೇಲೆ ಅಂಗೈ ಇಟ್ಟ.

"ಮಾವ, ಇದೇನೆಂದು ನಿನಗೂ ನಾನು ಹೇಳಬೇಕೇ?"

"ಕೈ ತೆಗಿ" ಎಂದ ನೇಕಾರ. ಕತ್ತರಿಸಿದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಏನಾಗುತ್ತದೆ ಎಂದು ಗೊತ್ತಿದ್ದೂ ಕತ್ತರಿಸಿದನೇ?"

"ಅವನ ಸಂಬಳ ಬರಬೇಕಾದದ್ದು ಆ ಗೇಣಿನಿಂದಲೇ" ಎಂದರು ಗುರುಗಳು.